ವಾಸಿಯಾಗದ ಉಬ್ಬಸ, ಕ್ಯಾನ್ಸರ್ ಅಲ್ಲದ ಗಂಟು: ಶ್ವಾಸಕೋಶದ ಅಮೈಲಾಯ್ಡೋಸಿಸ್

ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ಕುಯ್ಲು ಶುರುವಾಯ್ತು ಅಂದ್ರೆ ಕೆಮ್ಮಿಗೆ ಕಾರಣ ಹುಡುಕೋದೇ ಬೇಡ, ಚಳಿ, ಮಂಜು, ಕಣದ ಧೂಳು, ಒಲೆ ಹೊಗೆ ಎಲ್ಲಾ ಇರತ್ತೆ. ಎದೆ ಸುಯ್ ಅಂದ್ರೆ ಉಬ್ಬಸ, ಕಫದಲ್ಲಿ ರಕ್ತ ಬಂದ್ರೆ ಟಿಬಿ, ಎಕ್ಸ್‌ರೇಲಿ ಗಂಟು ಕಂಡ್ರೆ ಕ್ಯಾನ್ಸರ್ ಇರ್ಬೋದು ಅಂತ ಮೊದ್ಲು ಅನ್ಸೋದು ತಪ್ಪಲ್ಲ. ಆದ್ರೆ ಈ ಮೂರರ ಥರಾನೂ ಕಾಣೋ ಒಂದು ಅಪರೂಪದ ಕಾಯಿಲೆ ಇದೆ, ಅಮೈಲಾಯ್ಡೋಸಿಸ್.

ಮೈಯೊಳಗೆ ತಯಾರಾಗೋ ಪ್ರೋಟೀನು ಸರಿಯಾದ ಆಕಾರಕ್ಕೆ ಮಡಚ್ಕೋಬೇಕು. ತಪ್ಪಾಗಿ ಮಡಚ್ಕೊಂಡಿದ್ದು ಒಂದಕ್ಕೊಂದು ಅಂಟ್ಕೊಂಡು, ಸುಮಾರು 10 ನ್ಯಾನೋಮೀಟರ್ ದಪ್ಪದ ನಾರಾಗಿ ಅಂಗಾಂಗದಲ್ಲಿ ಕೂತ್ಬಿಡತ್ತೆ, ದೇಹಕ್ಕೆ ಅದನ್ನ ಕರಗಿಸೋದು ಕಷ್ಟ. ಶ್ವಾಸಕೋಶದಲ್ಲಿ ಗಂಟಾಗಿ ಕೂತ್ರೆ ಎಷ್ಟೋ ಸಲ ಏನೂ ತೊಂದ್ರೆ ಇಲ್ಲ, ಬೇರೆ ಯಾವುದಕ್ಕೋ ಸಿಟಿ ಸ್ಕ್ಯಾನ್ ಮಾಡಿಸ್ದಾಗ ಕಂಡು ಮನೆಯವ್ರೆಲ್ಲಾ ಗಾಬರಿ ಬೀಳ್ತಾರೆ ಅಷ್ಟೆ. ಶ್ವಾಸನಾಳದ ಗೋಡೇಲಿ ಕೂತ್ರೆ ದಾರಿ ಕಿರಿದಾಗಿ ಸುಯ್ಗುಟ್ಟೋದು, ಪದೇ ಪದೇ ನ್ಯುಮೋನಿಯಾ, ಕಫದಲ್ಲಿ ರಕ್ತ, ಇನ್‌ಹೇಲರ್ ಎಷ್ಟು ಎಳ್ಕೊಂಡ್ರೂ ಅಷ್ಟಕ್ಕಷ್ಟೆ. ಕಷ್ಟದ್ದು ಮೂರನೇದು: ಗಾಳಿಚೀಲಗಳ ಗೋಡೆ ಉದ್ದಕ್ಕೂ ಹರಡೋದು, ಕಾಫಿ ಸೋಸೋ ಬಟ್ಟೇಲಿ ಗಸಿ ಕಟ್ಕೊಂಡ ಹಾಗೆ ಆಕ್ಸಿಜನ್ ರಕ್ತಕ್ಕೆ ದಾಟೋದೇ ಕಮ್ಮಿಯಾಗತ್ತೆ, ಏರು ಹತ್ತಿದ್ರೆ ಏದುಸಿರು. ಇದು ಸಾಮಾನ್ಯವಾಗಿ ಶ್ವಾಸಕೋಶಕ್ಕೆ ಮಾತ್ರ ಸೀಮಿತ ಅಲ್ಲ, ಹೃದಯ, ಕಿಡ್ನೀಲೂ ಇರ್ಬೋದು.

ಸ್ಕ್ಯಾನ್ ಅನುಮಾನ ಹುಟ್ಟಿಸತ್ತೆ, ತೀರ್ಮಾನ ಹೇಳಲ್ಲ. ಬ್ರಾಂಕೋಸ್ಕೋಪಿಲಿ, ಅಂದ್ರೆ ಕ್ಯಾಮೆರಾ ಇರೋ ತೆಳ್ಳನೆ ಕೊಳವೆ ಶ್ವಾಸನಾಳಕ್ಕೆ ಇಳಿಸಿ ನೋಡಿದಾಗ, ನಾಳದೊಳಗೆ ಹಳದಿ ಬಣ್ಣದ ಉಬ್ಬುಗಳು ಕಾಣ್ಬೋದು, ಅಲ್ಲಿಂದ ಚೂರು ಪೀಸ್ ತೆಗೀತಾರೆ (ರಕ್ತ ಜಾಸ್ತಿ ಹೋಗೋ ಸಾಧ್ಯತೆ ಇರೋದ್ರಿಂದ ಹುಷಾರಾಗಿ). ಆ ಪೀಸಿಗೆ ಹಾಕೋದು ಕಾಂಗೋ ರೆಡ್. 1883ರಲ್ಲಿ ಪಾಲ್ ಬಾಟಿಗರ್ ಅನ್ನೋ ಜರ್ಮನ್ ರಸಾಯನ ವಿಜ್ಞಾನಿ ತಯಾರಿಸಿದ ಹತ್ತಿಬಟ್ಟೆ ಬಣ್ಣ ಅದು, ಬಟ್ಟೆಗಿಂತ ಇಲ್ಲೇ ಅದರ ಹೆಸ್ರು ಉಳೀತು ಅನ್ಬೋದು! ಮಾಮೂಲಿ ಬೆಳಕಲ್ಲಿ ಅಮೈಲಾಯ್ಡ್ ಕೆಂಪಗೆ ಕಾಣತ್ತೆ, ಪೋಲರೈಸ್ಡ್ ಬೆಳಕು (ಒಂದೇ ದಿಕ್ಕಿನಲ್ಲಿ ಕಂಪಿಸೋ ಹಾಗೆ ಸೋಸಿದ ಬೆಳಕು) ಬಿಟ್ರೆ ಅದೇ ಜಾಗ ಹಸಿರು ಸೇಬಿನ ಬಣ್ಣಕ್ಕೆ ತಿರುಗತ್ತೆ. ಈ ಬಣ್ಣ ಎಲ್ಲಾ ಬಯಾಪ್ಸಿಗೂ ಹಾಕಲ್ಲ, ಡಾಕ್ಟ್ರು ಅಥವಾ ಪೆಥಾಲಜಿಯವ್ರು ಅನುಮಾನ ಪಟ್ರೆ ಮಾತ್ರ ಹಾಕ್ತಾರೆ, ಎಡವಟ್ಟಾಗೋದೇ ಇಲ್ಲಿ.

ಹಸಿರು ಕಂಡ್ರೂ ಕೆಲ್ಸ ಮುಗೀಲಿಲ್ಲ, ಯಾವ ಪ್ರೋಟೀನು ಅಂತ ಗೊತ್ತಾಗ್ಬೇಕು, ಅದಕ್ಕೆ ಮಾಸ್ ಸ್ಪೆಕ್ಟ್ರೋಮೆಟ್ರಿ, ಅಂದ್ರೆ ಪ್ರೋಟೀನಿನ ಚೂರುಗಳ ತೂಕ ಅಳೆದು ಅದು ಯಾವ್ದು ಅಂತ ಗುರುತಿಸೋ ಪರೀಕ್ಷೆ. ಎಎಲ್ ಅನ್ನೋ ವಿಧದಲ್ಲಿ ಮೂಳೆಮಜ್ಜೇಲಿರೋ ಪ್ಲಾಸ್ಮಾ ಕೋಶಗಳು (ರೋಗದ ವಿರುದ್ಧ ಹೋರಾಡೋ ಆ್ಯಂಟಿಬಾಡಿ ತಯಾರಿಸೋ ಕೋಶಗಳು) ಮಾಡೋ ಲೈಟ್ ಚೈನ್ ಅನ್ನೋ ಆ್ಯಂಟಿಬಾಡಿ ತುಣುಕಿನ ಪ್ರೋಟೀನು ಕಾರಣ, ಅದಕ್ಕೇ ರಕ್ತ, ಮೂತ್ರ, ಮೂಳೆಮಜ್ಜೆ ಪರೀಕ್ಷೆ, ಜೊತೆಗೆ ಹೃದಯದ ಎಕೋ. ಮೈಯೆಲ್ಲಾ ಹರಡಿದ್ರೆ ಕೀಮೋ ಥರದ ಔಷಧಿ ಬೇಕಾಗ್ಬೋದು, ಬರೀ ಒಂದು ಗಂಟಾದ್ರೆ ಆಗಾಗ ನೋಡ್ಕೊಂಡು ಸುಮ್ನಿದ್ರೂ ನಡಿಯತ್ತೆ, ನಾಳ ಕಟ್ಟಿದ್ರೆ ಲೇಸರ್‌ನಿಂದ ಬಿಡಿಸ್ತಾರೆ.

ಇನ್ನೊಂದು ಮಾತು, ಬಯಾಪ್ಸಿ ಪೀಸನ್ನ ಮೇಣದ ಬ್ಲಾಕ್‌ನಲ್ಲಿ ಇಟ್ಟಿರ್ತಾರೆ, ಹಾಸನದಲ್ಲಿ ತೆಗ್ಸಿದ್ರೂ ಆ ಬ್ಲಾಕ್ ಕೇಳಿ ಈಸ್ಕೊಂಡು ದೊಡ್ಡ ಲ್ಯಾಬಿಗೆ ಕಳಿಸ್ಬೋದು, ಪೀಸ್ ಸಾಕಷ್ಟು ಉಳಿದಿದ್ರೆ ಮತ್ತೆ ಚುಚ್ಚಿಸ್ಕೊಳ್ಳೋದು ತಪ್ಪತ್ತೆ.