ಕರ್ನಲ್ ಥ್ರೆಡ್ ಶುರುವಾಗುವವರೆಗೆ ಕಾಯಲೇಬೇಕೆ?

ಪ್ರಶ್ನೆ: ನಮ್ಮ ಲಿನಕ್ಸ್ ಡ್ರೈವರಿನಲ್ಲಿ, ಕರ್ನಲ್ ಒಳಗೇ ಓಡುವ ಥ್ರೆಡ್ ಶುರು ಮಾಡಲು ಕೆಥ್ರೆಡ್_ರನ್ ಕರೆದ ಮೇಲೆ, ಥ್ರೆಡ್ ನಿಜಕ್ಕೂ ಶುರುವಾಯಿತೆಂದು ಖಾತ್ರಿಯಾಗಲಿ ಅಂತ ಒಂದು ಕಂಪ್ಲೀಶನ್ (ಒಂದು ಥ್ರೆಡ್ 'ಆಯಿತು' ಎನ್ನುವವರೆಗೆ ಇನ್ನೊಂದು ಕಾಯುವ ಸಾಧನ) ಇಟ್ಟು ಕಾಯುತ್ತೇವೆ. ಇದನ್ನು ಸರಳ ಮಾಡಬಹುದೆ?

ಉತ್ತರ: ಬಹುಪಾಲು ಡ್ರೈವರುಗಳಲ್ಲಿ ಅದನ್ನು ತೆಗೆದೇ ಹಾಕಬಹುದು. ಆ ಕಾಯುವಿಕೆಯನ್ನು ಕರ್ನಲ್ ಆಗಲೇ ನಿಮ್ಮ ಪರವಾಗಿ ಮಾಡಿರುತ್ತದೆ.

ಕೆಥ್ರೆಡ್_ಕ್ರಿಯೇಟ್ ಕರೆದಾಗ ಕೋರಿಕೆ ಹೋಗುವುದು ಕರ್ನಲ್ ಥ್ರೆಡ್ಡುಗಳನ್ನು ಹುಟ್ಟಿಸುವ ಕೆಥ್ರೆಡ್‌ಡಿಗೆ. ಪಿಎಸ್ ಪಟ್ಟಿಯಲ್ಲಿ ಪಿಐಡಿ 2 ಎಂದು ಕಾಣುವುದು ಅದೇ. ಹೊಸ ಥ್ರೆಡ್ ಹುಟ್ಟುತ್ತದೆ, ಹುಟ್ಟಿದೆನೆಂದು ತಿಳಿಸುತ್ತದೆ, ನಿಮ್ಮ ಫಂಕ್ಷನ್ನಿನ ಮೊದಲ ಸಾಲಿಗೂ ಮುಂಚೆಯೇ ಮಲಗುತ್ತದೆ. ಆ ಸುದ್ದಿ ಬಂದ ಮೇಲೆ ಕೆಥ್ರೆಡ್_ಕ್ರಿಯೇಟ್ ನಿಮಗೆ ಥ್ರೆಡ್ಡಿನ ಪಾಯಿಂಟರ್ ಕೊಡುತ್ತದೆ. ವೇಕ್_ಅಪ್_ಪ್ರೋಸೆಸ್ ಕರೆದರೆ ಥ್ರೆಡ್ ಎದ್ದು ಓಡುತ್ತದೆ. ಕೆಥ್ರೆಡ್_ರನ್ ಈ ಎರಡನ್ನೂ ಸೇರಿಸಿದ ಮ್ಯಾಕ್ರೊ, ರೇಸ್ (ಯಾರು ಮೊದಲು ಓಡಿದರು ಎನ್ನುವುದರ ಮೇಲೆ ಫಲಿತಾಂಶ ಬದಲಾಗುವ ದೋಷ) ಹುಟ್ಟುವುದೂ ಆ ಸೇರಿಕೆಯಲ್ಲೇ. ಕೆಳಗಿನ ಸಾಲಿನಲ್ಲಿ ವರ್ಕರ್ ಎಂದರೆ ಥ್ರೆಡ್ ಓಡಿಸುವ ನಿಮ್ಮ ಫಂಕ್ಷನ್, ಡೆವ್ ಎಂದರೆ ನಿಮ್ಮ ಡ್ರೈವರಿನ ಮಾಹಿತಿ ಇರುವ ಸ್ಟ್ರಕ್ಚರ್:

ಡೆವ್->ಟಾಸ್ಕ್ = ಕೆಥ್ರೆಡ್_ರನ್(ವರ್ಕರ್, ಡೆವ್, "ವರ್ಕರ್");

ಬಲಗಡೆಯ ಕರೆ ಮುಗಿದು ಎಡಗಡೆಗೆ ಬೆಲೆ ಬೀಳುವಷ್ಟರಲ್ಲಿ ಥ್ರೆಡ್ ಇನ್ನೊಂದು ಸಿಪಿಯು ಮೇಲೆ ಓಡತೊಡಗಿರಬಹುದು. ವರ್ಕರ್ ಆಗ ಡೆವ್->ಟಾಸ್ಕ್ ಓದಿದರೆ ಸಿಗುವುದು ಇನ್ನೂ ತುಂಬದ ಬೆಲೆ, ಸಾಮಾನ್ಯವಾಗಿ ನಲ್ (ಖಾಲಿ ಪಾಯಿಂಟರ್). ವರ್ಕರಿನ ಶುರುವಿನಲ್ಲಿ ಎಮ್‌ಸ್ಲೀಪ್(10) ಎಂದು ಸ್ವಲ್ಪ ಹೊತ್ತಿನ ನಿದ್ರೆ ತುರುಕಿದರೆ ದೋಷ ಅಪರೂಪವಾಗುತ್ತದೆ, ಹೋಗುವುದಿಲ್ಲ. ಅಪರೂಪದ ದೋಷ ಹಿಡಿಯುವುದು ಇನ್ನೂ ಕಷ್ಟ.

ಆದ್ದರಿಂದ ಎರಡನ್ನೂ ಬಿಡಿಸಿ ಬರೆಯಿರಿ. ಮೊದಲು ಕೆಥ್ರೆಡ್_ಕ್ರಿಯೇಟ್. ಬಂದದ್ದನ್ನು ಈಸ್_ಎರ್‌ನಿಂದಲೇ ಪರೀಕ್ಷಿಸಿ: ವಿಫಲವಾದರೆ ಕೆಥ್ರೆಡ್_ಕ್ರಿಯೇಟ್ ನಲ್ ಕೊಡುವುದಿಲ್ಲ, ಎರರ್ ಸಂಖ್ಯೆ ಅಡಗಿದ ಪಾಯಿಂಟರ್ ಕೊಡುತ್ತದೆ. ಆಮೇಲೆ ಡೆವ್->ಟಾಸ್ಕ್ ತುಂಬಿಸಿ, ಒಂದೇ ಸಿಪಿಯುಗೆ ಕಟ್ಟಬೇಕಿದ್ದರೆ ಕೆಥ್ರೆಡ್_ಬೈಂಡ್ ಕರೆಯಿರಿ, ಕೊನೆಗೆ ವೇಕ್_ಅಪ್_ಪ್ರೋಸೆಸ್. ಎಬ್ಬಿಸುವ ಮುಂಚೆ ನೀವು ಬರೆದದ್ದೆಲ್ಲ ಎದ್ದ ಥ್ರೆಡ್ಡಿಗೆ ಕಾಣುತ್ತದೆ, ಓದು-ಬರಹದ ಕ್ರಮ ಕಾಯುವ ಬೇರೆ ಬ್ಯಾರಿಯರ್ ಬೇಡ. ಕೆಥ್ರೆಡ್_ಕ್ರಿಯೇಟ್ ನಿದ್ರೆಗೆ ಹೋಗುವ ಕರೆ ಎನ್ನುವುದು ನೆನಪಿರಲಿ. ಸ್ಪಿನ್‌ಲಾಕ್ (ಹಿಡಿದಿರುವಾಗ ನಿದ್ರಿಸಬಾರದ ಬೀಗ) ಹಿಡಿದುಕೊಂಡು ಕರೆಯಬೇಡಿ.

ಕಂಪ್ಲೀಶನ್ ನಿಜವಾಗಿ ಬೇಕಾಗುವುದು, ಸೋಲಬಹುದಾದ ಕೆಲಸವನ್ನು ಥ್ರೆಡ್ ತಾನೇ ಮಾಡಿ ಫಲಿತಾಂಶ ಹೇಳಬೇಕಾದಾಗ. ಅಲ್ಲೂ ಮೊದಲು ಆ ಕೆಲಸವನ್ನು ಕರೆದವರ ಕಡೆಗೇ ಸರಿಸಲು ನೋಡಿ. ಮೆಮೊರಿ, ಐಆರ್‌ಕ್ಯೂ (ಇಂಟರಪ್ಟ್ ಸಾಲು) ಪಡೆಯುವುದನ್ನೆಲ್ಲ ಥ್ರೆಡ್ ಹುಟ್ಟುವ ಮುಂಚೆ ಮಾಡಬಹುದು. ಆಗದಿದ್ದರೆ, ವರ್ಕರಿನಿಂದ ಹೊರಬೀಳುವ ಪ್ರತಿ ದಾರಿಯಲ್ಲೂ ಕಂಪ್ಲೀಟ್ ಕರೆ ಇರಲಿ. ಒಂದು ಎರರ್ ದಾರಿಯಲ್ಲಿ ಮರೆತರೂ, ಡ್ರೈವರನ್ನು ಲೋಡ್ ಮಾಡುವ ಇನ್ಸ್‌ಮಾಡ್ 'ಡಿ' ಸ್ಥಿತಿಯಲ್ಲಿ (ಸಿಗ್ನಲ್ಲಿನಿಂದಲೂ ಎಬ್ಬಿಸಲಾಗದ ನಿದ್ರೆ) ಸಿಕ್ಕಿಬೀಳುತ್ತದೆ. ಹೀಗೆ ಸಿಕ್ಕಿಬಿದ್ದವನ್ನು ಹುಡುಕುವ ಹಂಗ್ ಟಾಸ್ಕ್ ಪತ್ತೆ ಚಾಲೂ ಇದ್ದರೆ, ಡೀಫಾಲ್ಟ್ ಲೆಕ್ಕದಲ್ಲಿ 120 ಸೆಕೆಂಡು ದಾಟಿದ ಮೇಲೆ ಕರ್ನಲ್ ಲಾಗ್ ತೋರಿಸುವ ಡಿಮೆಸೇಜಿನಲ್ಲಿ ದೂರು ಬರುತ್ತದೆ. ಟೈಮ್‌ಔಟ್ ಇಟ್ಟು ಪಾರಾಗೋಣವೆಂದರೆ, ಸ್ಟ್ಯಾಕ್ ಮೇಲಿನ ಕಂಪ್ಲೀಶನ್‌ಗೆ ಅದು ಅಪಾಯ: ನೀವು ಹಿಂತಿರುಗಿದ ಮೇಲೆ ತಡವಾಗಿ ಬಂದ ಥ್ರೆಡ್, ಬೇರೆಯವರದಾಗಿರುವ ಸ್ಟ್ಯಾಕಿನಲ್ಲಿ ಬರೆಯುತ್ತದೆ. ಸೆಮಫೋರನ್ನು (ಕಾಯಲು ಬಳಸುತ್ತಿದ್ದ ಹಳೆಯ ಸಾಧನ) ಹೀಗೆ ಸ್ಟ್ಯಾಕ್ ಮೇಲಿಟ್ಟು ಕಾಯುತ್ತಿದ್ದಾಗಲೂ ಇಂಥದೇ ರೇಸ್ ಇತ್ತು; ಕರ್ನಲ್ 2.4.7ರಲ್ಲಿ ಕಂಪ್ಲೀಶನ್ ಬಂದದ್ದೇ ಅದನ್ನು ತಪ್ಪಿಸಲು.

ಬಿಡಿಸಿ ಬರೆದಾಗ ಒಂದು ಹೊಸ ಜಾಗ್ರತೆ ಬೇಕು. ಎಬ್ಬಿಸುವ ಮುಂಚೆಯೇ ಇನ್ನೇನೋ ವಿಫಲವಾಗಿ ನೀವು ಥ್ರೆಡ್ ನಿಲ್ಲಿಸುವ ಕೆಥ್ರೆಡ್_ಸ್ಟಾಪ್ ಕರೆದರೆ, ಅದು ಮೈನಸ್ ಇಐಎನ್‌ಟಿಆರ್ ಎಂಬ ಎರರ್ ಸಂಖ್ಯೆ ಕೊಡುತ್ತದೆ, ವರ್ಕರ್ ಒಂದು ಸಾಲೂ ಓಡುವುದಿಲ್ಲ. ಮೆಮೊರಿ ಬಿಡುವ ಕೋಡನ್ನು ವರ್ಕರಿನ ಕೊನೆಯಲ್ಲಿ ಇಟ್ಟಿದ್ದರೆ ಅಲ್ಲಿ ಸೋರಿಕೆ. ಅದನ್ನು ಕೆಥ್ರೆಡ್_ಸ್ಟಾಪ್ ಕರೆದ ಕಡೆಯೇ ಇಡಿ.