ಸೋತವರಿಗೂ ಒಂದು ಕುರ್ಚಿ

ರಾಯಚೂರಿನ ನನ್ನ ರಾಜ್ಯಶಾಸ್ತ್ರ ತರಗತಿಯಲ್ಲಿ ಪ್ರತಿ ವರ್ಷ ಒಂದು ದೇಶ ಹುಟ್ಟುತ್ತದೆ. ಅದಕ್ಕೆ ಹೆಸರಿಲ್ಲ, ಭೂಪಟದಲ್ಲೂ ಜಾಗವಿಲ್ಲ. ಹತ್ತು ವರ್ಷ ತಮ್ಮತಮ್ಮಲ್ಲೇ ಬಡಿದಾಡಿ, ಸಾಕಾಗಿ, ಈಗಷ್ಟೇ ಬಂದೂಕು ಕೆಳಗಿಟ್ಟ ದೇಶ. ಸಂವಿಧಾನ ಬರೆಯುವ ಸಭೆಗೆ ಚುನಾವಣೆ ಆಗಬೇಕು. ನಿಯಮ ಮಾಡುವವರು ವಿದ್ಯಾರ್ಥಿಗಳೇ.

ಈ ಸಲ ಮೊದಲ ನಿಯಮ ಒಂದೇ ನಿಮಿಷದಲ್ಲಿ ಬಂತು. "ಜಾಸ್ತಿ ಓಟು ಬಿದ್ದೋರು ಗೆದ್ದಂಗ, ಅಷ್ಟೇ ಅಲ್ಲೇನ್ರಿ ಮೇಡಂ?" ನಮ್ಮ ವಿಧಾನಸಭೆಗೆ ಇರುವ ಲೆಕ್ಕ ಅದೇ. ಬೋರ್ಡಿನ ಮೇಲೆ ಹತ್ತು ಕ್ಷೇತ್ರ ಬರೆದೆ. ಒಂದೊಂದರಲ್ಲೂ 100 ಓಟು. ಆಳುವ ಪಕ್ಷಕ್ಕೆ ಎಲ್ಲ ಕಡೆ 40, ಬಂದೂಕು ಕೆಳಗಿಟ್ಟು ಕಾಡಿನಿಂದ ಬಂದ ಬಂಡುಕೋರರಿಗೆ 35, ಸಣ್ಣ ಸಮುದಾಯಗಳ ಪಕ್ಷಕ್ಕೆ 25. ಹತ್ತಕ್ಕೆ ಹತ್ತೂ ಆಳುವ ಪಕ್ಷಕ್ಕೇ ಹೋಯಿತು. 600 ಓಟಿಗೆ ಸಭೆಯಲ್ಲಿ ಒಂದು ಕುರ್ಚಿಯೂ ಸಿಗಲಿಲ್ಲ.

ಕಾಡಿನವರ ಪಾತ್ರದಲ್ಲಿದ್ದ ಹುಡುಗ ಎದ್ದು ನಿಂತ. "ಹಂಗಾರ ನಾವು ಬಂದೂಕು ಯಾಕ ಕೊಟ್ಟಿವ್ರಿ?"

ಈ ಪ್ರಶ್ನೆಗಾಗಿಯೇ ನಾನು ಈ ಆಟ ಆಡಿಸುವುದು. ಸರ್ಕಾರ ಆರಿಸುವ ಚುನಾವಣೆಯಲ್ಲಿ ಸೋತವರು ಐದು ವರ್ಷ ಕಾಯಬಹುದು. ಸಂವಿಧಾನ ಐದು ವರ್ಷದ್ದಲ್ಲ. ಅದನ್ನು ಬರೆಯುವಾಗ ಹೊರಗೆ ನಿಂತವನು ಮುಂದೆ ಅದನ್ನು ತನ್ನದು ಅಂತ ಹೇಗೆ ಒಪ್ಪುತ್ತಾನೆ?

ನೇಪಾಳ ನೋಡಿ. ಅಲ್ಲಿನ ಮಾವೋವಾದಿ ಯುದ್ಧ 1996ರಿಂದ 2006ರವರೆಗೆ ನಡೆಯಿತು. ಒಪ್ಪಂದವಾದ ಮೇಲೆ ಕಾಡಿನವರ ಬಂದೂಕುಗಳನ್ನು ಶಿಬಿರಗಳಲ್ಲೇ ಕಂಟೇನರ್‌ಗಳಿಗೆ ಹಾಕಿ ಬೀಗ ಜಡಿದರು. ಕಾವಲಿಗೆ ವಿಶ್ವಸಂಸ್ಥೆ, ಕೀಲಿ ಮಾತ್ರ ಮಾವೋವಾದಿಗಳ ಹತ್ತಿರ. ಸೈನ್ಯವೂ ಅಷ್ಟೇ ಬಂದೂಕುಗಳನ್ನು ಬೀಗದೊಳಗೆ ಇಡಬೇಕಾಯಿತು. ನನಗೆ ಬಹಳ ಇಷ್ಟವಾದ ವಿವರ ಇದು. ನಂಬಿಕೆ ಹುಟ್ಟುವವರೆಗೆ ಕಾಯದೆ ಕೆಲಸ ಶುರು ಮಾಡುವ ದಾರಿ ಹುಡುಕಿದ್ದರು.

ಚುನಾವಣೆ ಎರಡು ಸಲ ಮುಂದಕ್ಕೆ ಹೋಗಿ 2008ರ ಏಪ್ರಿಲ್ 10ಕ್ಕೆ ನಡೆಯಿತು. ಮತದಾರರಿಗೆ ಎರಡು ಮತಪತ್ರ. ಒಂದು ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. 601 ಸ್ಥಾನಗಳಲ್ಲಿ 240 ನೇರ ಗೆಲುವಿನವು, 335 ಪಕ್ಷಕ್ಕೆ ಬಿದ್ದ ಓಟಿನ ಪಾಲಿನಂತೆ, ಉಳಿದ 26 ನೇಮಕದವು. ಮಾವೋವಾದಿಗಳಿಗೆ ಎರಡೂ ಪತ್ರಗಳಲ್ಲಿ ಬಿದ್ದದ್ದು ಸುಮಾರು ಶೇ. 30 ಓಟು. ನೇರ ಸ್ಥಾನಗಳಲ್ಲಿ ಅದು 120 ತಂದಿತು, ಅಂದರೆ ಅರ್ಧ. ಪಾಲಿನ ಲೆಕ್ಕದಲ್ಲಿ 335ಕ್ಕೆ 100. ಇಡೀ ಸಭೆಯ ಹೆಂಗಸರ ಲೆಕ್ಕವೂ ಹಾಗೆಯೇ: ನೇರ ಗೆದ್ದವರು 30, ಪಕ್ಷದ ಪಟ್ಟಿಯಿಂದ ಬಂದವರು 161.

ಆ ಸಭೆ ಸಂವಿಧಾನ ಮುಗಿಸಲಾಗದೆ 2012ರಲ್ಲಿ ವಿಸರ್ಜನೆಯಾಯಿತು. 2013ರಲ್ಲಿ ಮತ್ತೆ ಚುನಾವಣೆ, ಮಾವೋವಾದಿಗಳು ಮೂರನೇ ಸ್ಥಾನಕ್ಕೆ ಕುಸಿದರು. ಮೋಸವಾಗಿದೆ ಎಂದು ಕೂಗಾಡಿದರು, ಆದರೂ ಸಭೆಗೆ ಬಂದು ಕೂತರು. 2015ರ ಸೆಪ್ಟೆಂಬರ್ 20ಕ್ಕೆ ಸಂವಿಧಾನ ಜಾರಿಯಾಯಿತು. ತರಾಯಿ ಬಯಲಿನ ಮಧೇಸಿಗಳು ಇದು ನಮ್ಮದಲ್ಲ ಅಂದರು. ಆ ಗಲಾಟೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು.

"ನಮ್ಮ ಸಂವಿಧಾನ ಬರಿಯಾಕ ನಮ್ಮೂರಿಂದ ಯಾರು ಹೋಗಿದ್ರು ಮೇಡಂ?" ಅಂತ ಒಬ್ಬ ಹುಡುಗಿ ಕೇಳಿದಳು. ನಮ್ಮ ರಾಯಚೂರು, ಕೊಪ್ಪಳ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ದಿಲ್ಲಿಯ ಸಭೆ 1946ರ ಡಿಸೆಂಬರ್‌ನಲ್ಲಿ ಶುರುವಾಯಿತು. ನಾವು ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಆಮೇಲೂ ಹೈದರಾಬಾದಿನ ಪರವಾಗಿ ಅಲ್ಲಿ ಯಾರೂ ಕೂರಲಿಲ್ಲ. 1949ರ ನವೆಂಬರ್‌ನಲ್ಲಿ ನಿಜಾಮರ ಒಂದು ಘೋಷಣೆಯಿಂದ ಒಪ್ಪಿಗೆ ಹೋಯಿತು. ಈ ಮಕ್ಕಳಿಗೆ ಸೀಟು, ನೌಕರಿಯಲ್ಲಿ ಪಾಲು ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಲು 2012ರ ತಿದ್ದುಪಡಿ ಬರಬೇಕಾಯಿತು. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು.

ಮರುದಿನ ಅದೇ ಹುಡುಗಿ ಬೋರ್ಡ್ ಒರೆಸಿದಳು. ಮೂರು ಸ್ಥಾನ ನೇರ, ಏಳು ಪಾಲಿನ ಲೆಕ್ಕ. ಆಳುವ ಪಕ್ಷಕ್ಕೆ 6, ಕಾಡಿನವರಿಗೆ 2, ಸಣ್ಣ ಸಮುದಾಯಗಳಿಗೆ 2. ಯಾವ ಕಲಮು ಪಾಸಾಗಬೇಕಾದರೂ ಮೂರರಲ್ಲಿ ಎರಡು ಪಾಲು, ಅಂದರೆ 7 ಓಟು ಬೇಕು ಅಂತ ಕೆಳಗೆ ಬರೆದಳು. ಆಳುವ ಪಕ್ಷದ ಹುಡುಗರು ಎಣಿಸಿ ನೋಡಿದರು. ಆಮೇಲೆ ಒಬ್ಬ ಎದ್ದು, ಕಾಡಿನವರ ಬೆಂಚಿನ ಕಡೆ ಮಾತಾಡಲು ಹೋದ.