ಪೂಲ್ ಮೇಜಿಗೆ ತೆಳು ಹಾಳೆ ಬಂದ ಕಥೆ: ಚೆಂಡು ಜೋಡಿಸುವ ತಕರಾರಿನ ಹಿನ್ನೆಲೆ

ಪೂಲ್ ಆಟಕ್ಕೆ ಮೊದಲು ಚೆಂಡುಗಳನ್ನು ಒಂದಕ್ಕೊಂದು ತಾಗುವಂತೆ ಜೋಡಿಸಿಡುವ ಕೆಲಸ ನೋಡುವವರಿಗೆ ಕ್ಷುಲ್ಲಕವೆನಿಸಬಹುದು. ಆದರೆ ಒಂದರಿಂದ ಒಂಬತ್ತರವರೆಗಿನ ಚೆಂಡುಗಳಿಂದ ಆಡುವ ನೈನ್ ಬಾಲಿನ ವೃತ್ತಿಪರ ಆಟಗಾರರ ನಡುವೆ ದಶಕಗಳ ಕಾಲ ವಾಗ್ವಾದ ನಡೆದದ್ದು ಈ ಕೆಲಸದ ಸುತ್ತಲೇ. ಮರದ ಅಥವಾ ಪ್ಲಾಸ್ಟಿಕ್ಕಿನ ಟ್ರಯಾಂಗಲ್ ಹಿಡಿದು ಚೆಂಡುಗಳನ್ನು ಮುಂದಕ್ಕೆ ಒತ್ತಿ, ಬೆರಳುಗಳಿಂದ ಹಿಂಬದಿಯನ್ನು ಬಿಗಿ ಮಾಡಿ, ಚೌಕಟ್ಟನ್ನು ಮೆಲ್ಲಗೆ ಮೇಲಕ್ಕೆತ್ತಿದ ಕ್ಷಣದಲ್ಲೇ ಒಂದೆರಡು ಚೆಂಡುಗಳು ಅಲುಗಾಡಿ ನಡುವೆ ಸಂದು ಬಿಡುವುದುಂಟು. ಇದಕ್ಕೆ ಜೋಡಿಸುವವನ ಕೈಯೊಂದೇ ಕಾರಣವಲ್ಲ. ಪ್ರತಿ ಆಟದಲ್ಲೂ ಅದೇ ಜಾಗದಲ್ಲಿ ಆಟ ಆರಂಭಿಸುವ ಬ್ರೇಕ್ ಹೊಡೆತದ ಪೆಟ್ಟು ಬೀಳುವುದರಿಂದ ಫುಟ್ ಸ್ಪಾಟಿನ, ಅಂದರೆ ಜೋಡಣೆಯ ಮುಂದಿನ ಚೆಂಡನ್ನಿಡುವ ಗುರುತಿನ, ಸುತ್ತ ಬಟ್ಟೆ ಸವೆದು ಸಣ್ಣ ಗುಳಿಗಳಾಗುತ್ತವೆ, ಚೆಂಡು ತಾನು ನಿಲ್ಲಬೇಕಾದಲ್ಲಿ ನಿಲ್ಲದೆ ಹತ್ತಿರದ ಗುಳಿಗೆ ಜಾರುತ್ತದೆ.

ಕೂದಲೆಳೆಯಷ್ಟು ಸಂದಿಗೆ ಇಷ್ಟು ಮಹತ್ವ ಬಂದದ್ದು ಬ್ರೇಕ್ ಹೊಡೆತದ ಸ್ವಭಾವದಿಂದ. ಚೆಂಡುಗಳೆಲ್ಲ ಬಿಗಿಯಾಗಿ ತಾಗಿಕೊಂಡಿದ್ದರೆ ಪೆಟ್ಟಿನ ಬಲ ಹೆಚ್ಚುಕಡಿಮೆ ಪ್ರತಿ ಸಲವೂ ಅದೇ ದಾರಿಯಲ್ಲಿ ಹರಿಯುತ್ತದೆ, ಸಂದಿದ್ದರೆ ದಿಕ್ಕು ತಪ್ಪುತ್ತದೆ. ಸ್ನೂಕರಿನಲ್ಲಿ ಈ ಚಿಂತೆ ಅಷ್ಟಿಲ್ಲ. ಅಲ್ಲಿ ಮೊದಲ ಹೊಡೆತ ಕೆಂಪು ಚೆಂಡುಗಳ ಅಂಚನ್ನು ಸವರಿಕೊಂಡು ಬಿಳಿಯನ್ನು ಸುರಕ್ಷಿತವಾಗಿ ಹಿಂದಕ್ಕೆ ತರುವ ಎಚ್ಚರಿಕೆಯ ಆಟ. ಸ್ನೂಕರ್ ಮತ್ತು ಬಿಲಿಯರ್ಡ್ಸ್ ನೋಡಿ ಬೆಳೆದ ಬೆಂಗಳೂರಿನವರಿಗೆ ಪೂಲಿನ ಈ ಜಗಳ ಸ್ವಲ್ಪ ಅತಿಯೆನಿಸಿದರೆ ಆಶ್ಚರ್ಯವಿಲ್ಲ. ನೈನ್ ಬಾಲಿನಲ್ಲಾದರೋ ಬ್ರೇಕ್‌ನಲ್ಲೇ ಒಂದು ಚೆಂಡು ಬಿದ್ದರೆ ಆಟ ಹೊಡೆದವನ ಕೈಯಲ್ಲೇ ಉಳಿಯುತ್ತದೆ, ನುರಿತವನಾದರೆ ಎದುರಾಳಿ ಕುರ್ಚಿಯಿಂದ ಏಳುವ ಅವಕಾಶವೇ ಬರುವುದಿಲ್ಲ.

ಹೀಗಾಗಿ ಚೆಂಡು ಜೋಡಿಸುವವರು ಯಾರೆಂಬುದೇ ಪ್ರಶ್ನೆಯಾಯಿತು. ಸೋತವನು ಜೋಡಿಸಬೇಕೆಂಬ ಹಳೆಯ ಪದ್ಧತಿಯಲ್ಲಿ ಅವನು ಬೇಕೆಂದೇ ಸಂದು ಬಿಟ್ಟನೆಂಬ ಅನುಮಾನ ಸಹಜವಾಗಿತ್ತು. ಗೆದ್ದವನು ಬಗ್ಗಿ ಪರೀಕ್ಷಿಸುವುದು, ಮತ್ತೆ ಜೋಡಿಸೆನ್ನುವುದು, ಸೋತವನು ಮುಖ ಸಿಂಡರಿಸುವುದು ನಡೆದೇ ಇತ್ತು. ಬ್ರೇಕ್ ಹೊಡೆಯುವವನು ತನ್ನ ಚೆಂಡುಗಳನ್ನು ತಾನೇ ಜೋಡಿಸಿಕೊಳ್ಳಲಿ ಎಂದು ಬದಲಿಸಿದಾಗ ಅನುಮಾನ ತಿರುಗಿಬಿತ್ತು: ಯಾವ ಸಂದಿನಿಂದ ಯಾವ ಚೆಂಡು ಬೀಳುತ್ತದೆಂದು ಬಲ್ಲ ಚತುರ ಅದನ್ನು ತನಗೆ ಬೇಕಾದಂತೆ ಬಿಡಬಲ್ಲ. ಯುರೋಪಿನಲ್ಲಿ ಬೇರೆಯೇ ದಾರಿ ಹಿಡಿದರು. ಚೆಂಡನ್ನು ಅದರ ಜಾಗದಲ್ಲಿಟ್ಟು ಮೇಲಿನಿಂದ ಇನ್ನೊಂದು ಚೆಂಡಿನಿಂದ ಕುಟ್ಟಿ, ಪ್ರತಿ ಚೆಂಡೂ ತನ್ನ ಜಾಗದಲ್ಲೇ ನಿಲ್ಲುವಂತೆ ಬಟ್ಟೆಯಲ್ಲೇ ಸಣ್ಣ ತಗ್ಗುಗಳನ್ನು ಮಾಡಿ ಮೇಜನ್ನು ಪಳಗಿಸಿದರು.

2000ದ ಆಸುಪಾಸಿನಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಸಾರ್ಡೊ ಟೈಟ್ ರ‍್ಯಾಕ್ ಎಂಬ ಭಾರದ ಯಂತ್ರ ಚೆಂಡುಗಳನ್ನು ಮೇಲಿನಿಂದ ಒತ್ತಿ ಬಿಗಿಯಾಗಿ ಕೂರಿಸುತ್ತಿತ್ತು. ತಕರಾರು ತೀರಿತೆಂದು ಎಲ್ಲರೂ ಅಂದುಕೊಂಡಾಗಲೇ ಹೊಸ ತೊಡಕು ಎದ್ದಿತು. ನೈನ್ ಬಾಲಿನ ವಜ್ರಾಕೃತಿಯ ಜೋಡಣೆಯಲ್ಲಿ ಮಧ್ಯದ ಸಾಲಿನ ಎರಡು ತುದಿಗಳಲ್ಲಿರುವ ಚೆಂಡುಗಳು, ಅಂದರೆ ವಿಂಗ್ ಬಾಲ್‌ಗಳು, ಬಿಗಿಯಾದ ಜೋಡಣೆಯಲ್ಲಿ ಮೂಲೆಯ ಪಾಕೆಟ್ಟಿನ ದಾರಿ ಹಿಡಿಯುತ್ತವೆ. ಅಮೆರಿಕದ ಆಟಗಾರ ಕೋರಿ ಡ್ಯೂಯೆಲ್ ಇದನ್ನು ಮನಗಂಡು ಬಲದ ಬದಲು ಮೃದುವಾಗಿ ಬ್ರೇಕ್ ಹೊಡೆದು, 2001ರ ಯುಎಸ್ ಓಪನ್ ನೈನ್ ಬಾಲ್ ಫೈನಲ್ಲಿನಲ್ಲಿ ಮಿಕಾ ಇಮ್ಮೊನೆನ್ ಅವರನ್ನು 11-0 ಅಂತರದಲ್ಲಿ ಸೋಲಿಸಿದರು.

ಟೆಂಪ್ಲೇಟ್ ರ‍್ಯಾಕ್ ಬಂದದ್ದು ಈ ಹಿನ್ನೆಲೆಯಲ್ಲಿ. ಮ್ಯಾಜಿಕ್ ಬಾಲ್ ರ‍್ಯಾಕ್, ಅಕ್ಯು ರ‍್ಯಾಕ್ ಮುಂತಾದ ಹೆಸರುಗಳಲ್ಲಿ ಸಿಗುವ ಇದು ಕಾಗದದಷ್ಟೇ ತೆಳುವಾದ ಪ್ಲಾಸ್ಟಿಕ್ ಹಾಳೆ. ಪ್ರತಿ ಚೆಂಡಿಗೂ ಒಂದು ಕತ್ತರಿಸಿದ ಜಾಗವಿರುತ್ತದೆ. ಮುಂದಿನ ರಂಧ್ರವನ್ನು ಸ್ಪಾಟಿನ ಮೇಲೆ ಹೊಂದಿಸಿ, ಹಾಳೆಯ ಉದ್ದದ ಗೆರೆ ಮೇಜಿಗೆ ನೇರವಾಗಿದೆಯೇ ಎಂದು ಹಿಂದಿನಿಂದ ನೋಡಿ, ಅಂಗೈಯಿಂದ ಮಡಿಕೆ ನೀವಿ ಚೆಂಡುಗಳನ್ನಿಟ್ಟರೆ ಅವು ರಂಧ್ರಗಳಿಗೆ ಇಳಿದು, ಸ್ವಂತ ಭಾರದಿಂದಲೇ ಪಕ್ಕದವಕ್ಕೆ ಒರಗುತ್ತವೆ. ಮೇಲೆತ್ತಬೇಕಾದ ಚೌಕಟ್ಟೇ ಇಲ್ಲವಾದ್ದರಿಂದ ಎತ್ತುವಾಗ ಜಾರುವ ಪ್ರಶ್ನೆಯೂ ಇಲ್ಲ. ಮೊದಲ ಸಲ ಬಳಸುವವರಿಗೆ ಇದು ನಂಬಲಾಗದಷ್ಟು ಸುಲಭವೆನಿಸುತ್ತದೆ.

ಹಾಗೆಂದು ಹಾಳೆಯೇ ಪರಿಪೂರ್ಣತೆಯ ಭರವಸೆ ಕೊಡುವುದಿಲ್ಲ. ವಿಶ್ವ ಪೂಲ್ ಬಿಲಿಯರ್ಡ್ಸ್ ಸಂಸ್ಥೆಯ ನಿಯಮದಂತೆ ಚೆಂಡಿನ ವ್ಯಾಸ 57.15 ಮಿ.ಮೀ., ಹೆಚ್ಚುಕಡಿಮೆ 0.127 ಮಿ.ಮೀ. ವ್ಯತ್ಯಾಸಕ್ಕೆ ಅವಕಾಶವಿದೆ. ಹದಿನೈದು ಚೆಂಡುಗಳ ತ್ರಿಕೋನದಲ್ಲಿ ಒಟ್ಟು 30 ಕಡೆ, ನೈನ್ ಬಾಲಿನ ಜೋಡಣೆಯಲ್ಲಿ 16 ಕಡೆ ಚೆಂಡುಗಳು ಪರಸ್ಪರ ತಾಗಬೇಕು. ಗಾತ್ರಗಳು ಒಂದೇ ಆಗಿಲ್ಲದಿದ್ದರೆ ಜ್ಯಾಮಿತಿಯೇ ಅಡ್ಡ ಬಂದು ಅಷ್ಟೂ ಸ್ಪರ್ಶಗಳು ಏಕಕಾಲಕ್ಕೆ ಸಾಧ್ಯವಾಗುವುದಿಲ್ಲ. ಹಳೆಯ, ಸವೆದ, ಬೇರೆ ಬೇರೆ ಸೆಟ್ಟುಗಳಿಂದ ಕೂಡಿಸಿದ ಚೆಂಡುಗಳಿಟ್ಟುಕೊಂಡು ಹಾಳೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

ನನ್ನ ಅಭಿಪ್ರಾಯದಲ್ಲಿ ಈ ಹಾಳೆ ಜಗಳವನ್ನು ಮುಗಿಸಲಿಲ್ಲ, ಅದನ್ನು ಆಟಗಾರರ ನಡುವಿನಿಂದ ನಿಯಮ ಬರೆಯುವವರ ಮೇಜಿಗೆ ಸಾಗಿಸಿತು. ಎಲ್ಲರಿಗೂ ಒಳ್ಳೆಯ ಜೋಡಣೆ ಸಿಗುವಾಗ ಬ್ರೇಕ್ ಅತಿ ಸುಲಭವಾಗುತ್ತದೆ, ಆದ್ದರಿಂದ ಅದನ್ನು ಕಷ್ಟವಾಗಿಸಲು ನಿಯಮಗಳು ಬೇಕಾದವು. ವಿಂಗ್ ಬಾಲ್ ಅಷ್ಟು ಸಲೀಸಾಗಿ ಬೀಳದ, ಹತ್ತು ಚೆಂಡುಗಳ ಟೆನ್ ಬಾಲಿಗೆ ಒಲವು ಹೆಚ್ಚಿ 2008ರಲ್ಲಿ ಅದರ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಯಿತು. ನೈನ್ ಬಾಲಿನಲ್ಲಿ ಬಿಳಿ ಚೆಂಡನ್ನು ಪಕ್ಕದ ಅಂಚಿನಿಂದ ಹೊಡೆಯದಂತೆ ನಡುವೆ ಒಂದು ಚೌಕ ಗೊತ್ತು ಮಾಡಿದರು. ಮೆಲ್ಲಗೆ ಹೊಡೆದು ಲಾಭ ಮಾಡಿಕೊಳ್ಳುವುದನ್ನು ತಡೆಯಲು ಕನಿಷ್ಠ ಮೂರು ಚೆಂಡುಗಳಾದರೂ ಪಾಕೆಟ್ ಸೇರಬೇಕು ಅಥವಾ ಬ್ರೇಕ್ ಹೊಡೆಯುವ ಬದಿಯ ಹೆಡ್ ಸ್ಟ್ರಿಂಗ್ ಗೆರೆ ದಾಟಬೇಕೆಂಬ ಷರತ್ತು ಹಾಕಿದರು. ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು ಮುಂದಿರುವ ಒಂದನೇ ಚೆಂಡಿನ ಬದಲು ಜೋಡಣೆಯ ನಡುವಿರುವ ಒಂಬತ್ತನೆಯದನ್ನು ಸ್ಪಾಟಿನ ಮೇಲಿಡುವ ಕ್ರಮ. ಇದರಿಂದ ಇಡೀ ಜೋಡಣೆ ಎರಡು ಸಾಲುಗಳಷ್ಟು, ಅಂದರೆ ಸುಮಾರು 99 ಮಿ.ಮೀ., ಬ್ರೇಕ್ ಹೊಡೆಯುವವನ ಕಡೆಗೆ ಸರಿದು, ವಿಂಗ್ ಬಾಲಿನ ದಾರಿ ಮೂಲೆಯ ಪಾಕೆಟ್ಟನ್ನು ತಪ್ಪುತ್ತದೆ.

ಕ್ಲಬ್ಬಿನಲ್ಲೋ ಮನೆಯಲ್ಲೋ ಪ್ರಯೋಗಿಸಿ ನೋಡುವವರು ಗಮನಿಸಬೇಕಾದ ತೊಡಕು ಬೇರೆ: ಬ್ರೇಕ್ ಆದ ಮೇಲೂ ಹಾಳೆ ಮೇಜಿನ ಮೇಲೆಯೇ ಇರುತ್ತದೆ. ನೈನ್ ಬಾಲಿನಲ್ಲಿ ಚೆಂಡುಗಳು ಚದುರಿ ಹೋಗುವುದರಿಂದ ಬಹುತೇಕ ತಕ್ಷಣವೇ ತೆಗೆಯಬಹುದು. ಹದಿನೈದು ಚೆಂಡುಗಳ ಎಯ್ಟ್ ಬಾಲಿನಲ್ಲಿ ಒಂದೆರಡು ಅದರ ಮೇಲೆಯೇ ನಿಂತು ಕಾಡುತ್ತವೆ, ನಿಧಾನವಾಗಿ ಉರುಳುವ ಚೆಂಡು ಹಾಳೆಯ ಅಂಚಿಗೆ ತಾಗಿದರೆ ದಾರಿ ಬದಲಿಸಲೂಬಹುದು. ಗುಂಪನ್ನು ಒಡೆಯದೆ ಸ್ವಲ್ಪ ಸ್ವಲ್ಪವೇ ಬಿಡಿಸಿಕೊಳ್ಳುವ ಸ್ಟ್ರೇಟ್ ಪೂಲಿಗಂತೂ ಇದು ಹೊಂದುವುದಿಲ್ಲ, ಅಲ್ಲಿ ಹಳೆಯ ಟ್ರಯಾಂಗಲ್ಲೇ ಮೇಲು.